ನಾಲ್ಕು ಡಿಗ್ರಿಯ ಓರೆ

ಚಾಕುವಿನ ಬೆನ್ನು ಮೂರು ನಾಲ್ಕು ಮಿಲಿಮೀಟರ್ ದಪ್ಪವಿರಬಹುದು. ಬಾಯಿಯ ಹತ್ತಿರ ಬರುವಷ್ಟರಲ್ಲಿ ಆ ದಪ್ಪ ಇಲ್ಲವೆನ್ನುವಷ್ಟು ಕರಗಿರುತ್ತದೆ. ನಡುವಿನ ಆ ಓರೆಯಲ್ಲೇ ಚಾಕುವಿನ ಗುಣವೆಲ್ಲ ಇದೆ. ಸಾಣೆ ಹಿಡಿಯುವುದು ತೀರಾ ತುದಿಯ ಅಂಚಿನ ಕೆಲಸವಷ್ಟೇ. ಹಿಂದಿನ ಓರೆ ದಪ್ಪವಾಗಿ ಉಳಿದಿದ್ದರೆ ಎಷ್ಟು ಸಾಣೆ ಹಿಡಿದರೂ ಕುಂಬಳಕಾಯಿ ಸೀಳುತ್ತದೆ, ಕೊಯ್ಯುವುದಿಲ್ಲ.

ಕಮ್ಮಾರ ಈ ಓರೆಯನ್ನು ಬಹುಪಾಲು ಕುಲುಮೆಯಲ್ಲಿ, ಸುತ್ತಿಗೆಯಿಂದಲೇ ಇಳಿಸಿಬಿಡುತ್ತಾನೆ. ಕುಲುಮೆಯ ಹಂಗಿಲ್ಲದೆ ಉಕ್ಕಿನ ಪಟ್ಟಿಯಿಂದ ಬೇಡದ್ದನ್ನು ಉಜ್ಜಿ ತೆಗೆದು ಚಾಕು ಮಾಡುವವರೂ ಈಗ ಬಹಳ ಮಂದಿ ಇದ್ದಾರೆ. ಅವರ ಕಷ್ಟ ಲೆಕ್ಕ ಹಾಕಿದರೆ ತಿಳಿಯುತ್ತದೆ. ಪಟ್ಟಿ 4 ಮಿ.ಮೀ. ದಪ್ಪ, ಓರೆಯ ಅಗಲ 25 ಮಿ.ಮೀ., ಬಾಯಲ್ಲಿ ಸದ್ಯಕ್ಕೆ 0.6 ಮಿ.ಮೀ. ಉಳಿಸಬೇಕು ಎಂದಿಟ್ಟುಕೊಳ್ಳಿ. ಆಗ ಒಂದೊಂದು ಬದಿಯಲ್ಲಿ ಹೋಗಬೇಕಾದದ್ದು 1.7 ಮಿ.ಮೀ., ಓರೆಯ ಕೋನ ನಾಲ್ಕು ಡಿಗ್ರಿಗೂ ಚೂರು ಕಡಿಮೆ. ಸಾಣೆಯ ಮಾತಿನಲ್ಲಿ ಬರುವ 15, 20 ಡಿಗ್ರಿಗಳು ಕೊನೆಯ ಅಂಚಿನವು, ಇಲ್ಲಿನವಲ್ಲ. ಕೈ ಒಂದೇ ಒಂದು ಡಿಗ್ರಿ ಹೆಚ್ಚು ವಾಲಿತೆನ್ನಿ, 25 ಮಿ.ಮೀ. ಅಗಲಕ್ಕೆ ಅದು 0.4 ಮಿ.ಮೀ. ದಾಟುತ್ತದೆ. ಒಂದು ಬದಿಗೆ ಉಳಿಸಿಕೊಂಡದ್ದೇ 0.3. ಅಲ್ಲಿಗೆ ಬಾಯಿ ನಡುಗೆರೆ ಬಿಟ್ಟು ಆಚೆ ಹೋಯಿತು! ಒಂದು ಡಿಗ್ರಿಯ ವ್ಯತ್ಯಾಸ ಹೊಸಬರ ಕೈಗೆ ಗೊತ್ತೇ ಆಗುವುದಿಲ್ಲ.

ಕೋನ ತಪ್ಪದಂತೆ ಕೈಯನ್ನು ಕಾಯುವ ಸಾಧನ, ಜಿಗ್, ಹುಟ್ಟುವುದು ಇಲ್ಲಿ. ಅದರ ತೀರಾ ಬಡ ರೂಪವೇ ನನಗೆ ಹೆಚ್ಚು ಇಷ್ಟ. ಒಂದು ಮರದ ಹಲಗೆ, ಅದರ ಮೇಲೆ ಅಡ್ಡಲಾಗಿ ಬಿಗಿದ ಅಲಗು. ಅಲಗಿನ ಬೆನ್ನ ಹಿಂದೆ ಒಂದು ಗೂಟ, ಗೂಟದಲ್ಲಿ ಉಂಗುರದ ತಲೆಯ ಬೋಲ್ಟು. ಅರವನ್ನು ಉದ್ದನೆಯ ಸರಳಿಗೆ ಕಟ್ಟಿ, ಸರಳನ್ನು ಆ ಉಂಗುರದಲ್ಲಿ ತೂರಿಸಿದರೆ ಮುಗಿಯಿತು. ಕೈ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಆಡಬಹುದು; ಅರ ಮಾತ್ರ ತನ್ನ ಇಳಿಜಾರು ಬಿಟ್ಟುಕೊಡುವುದಿಲ್ಲ. ಬಾಯಿಯಿಂದ ಉಂಗುರ 400 ಮಿ.ಮೀ. ದೂರದಲ್ಲಿದ್ದು, ಬಾಯಿಗಿಂತ 28 ಮಿ.ಮೀ. ಮೇಲಿದ್ದರೆ ನಾಲ್ಕು ಡಿಗ್ರಿ ಸಿಗುತ್ತದೆ. ಏರಿಸಲು ಇಳಿಸಲು ಎರಡು ನಟ್ಟು ಸಾಕು.

ಇದು ಕೆಲಸ ಮಾಡುವುದೇಕೆ? ಶಾಲೆಯ ರೇಖಾಗಣಿತದಲ್ಲಿ ಉತ್ತರವಿದೆ: ಒಂದು ಸರಳರೇಖೆ, ಅದರ ಹೊರಗಿನ ಒಂದು ಬಿಂದು, ಇವೆರಡರ ಮೂಲಕ ಹಾಯುವುದು ಒಂದೇ ಸಮತಲ. ರೇಖೆ ಚಾಕುವಿನ ಬಾಯಿ, ಬಿಂದು ಆ ಉಂಗುರ. ಆದ್ದರಿಂದ ಅರ ಶುರುವಾಗುವ ಮೊದಲೇ ಆ ರೇಖೆ ಸರಿಯಾಗಿ ಬಿದ್ದಿರಬೇಕು. ಅದಕ್ಕೊಂದು ಸೊಗಸಾದ ಉಪಾಯವಿದೆ. ಪಟ್ಟಿಯ ದಪ್ಪದಷ್ಟೇ ವ್ಯಾಸದ ಡ್ರಿಲ್ ಬಿಟ್ಟನ್ನು ಸಪಾಟು ಕಲ್ಲಿನ ಮೇಲೆ ಮಲಗಿಸಿ, ಮಾರ್ಕರ್ ಮಸಿ ಬಳಿದ ಬಾಯನ್ನು ಅದರ ಮೊನೆಗೆ ತಾಗಿಸಿ ಎಳೆಯುವುದು. ಬಿಟ್ಟಿನ ಮೊನೆ ನಟ್ಟನಡುವೆ ಇರುವುದರಿಂದ ಗೆರೆಯೂ ನಡುವೆಯೇ ಬೀಳುತ್ತದೆ. ಪಟ್ಟಿ ಮಗುಚಿ ಇನ್ನೊಮ್ಮೆ ಎಳೆದಾಗ ಎರಡು ಗೆರೆ ಕಂಡರೆ, ಬಿಟ್ಟು ಪಟ್ಟಿಗೆ ಹೊಂದಿಲ್ಲವೆಂದು ಅರ್ಥ.

ಆದರೆ ಹೊಟ್ಟೆಯ ಭಾಗದಲ್ಲಿ, ಅಂದರೆ ಬಾಯಿ ಮೊನೆಯ ಕಡೆಗೆ ಬಾಗುವಲ್ಲಿ, ರೇಖೆ ಸರಳವಾಗಿ ಉಳಿಯುವುದಿಲ್ಲ. ಬಾಯಿ ಬೆನ್ನಿನತ್ತ ಏರುತ್ತದೆ, ಸಮತಲ ಏರುವುದಿಲ್ಲ. ಹಾಗಾಗಿ ಮೊನೆಯ ಹತ್ತಿರ ಉಕ್ಕು ದಪ್ಪಗೆ ಉಳಿದುಬಿಡುತ್ತದೆ. ಹಿಡಿಕಟ್ಟು ಸಡಿಲಿಸಿ, ಹೊಟ್ಟೆಯ ಒಂದೊಂದು ತುಂಡೂ ಮೊದಲಿನ ಬಾಯಿದ್ದ ಜಾಗಕ್ಕೆ ಬರುವಂತೆ ಅಲಗನ್ನು ತಿರುಗಿಸಿ ಮತ್ತೆ ಬಿಗಿಯಬೇಕು. ಹೀಗೆ ಎರಡು ಮೂರು ಮುಖಗಳು ಮೂಡುತ್ತವೆ. ಅವುಗಳ ಏಣು ಮರೆಸಿ ಒಂದಾಗಿಸುವುದು ಎಮರಿ ಕಾಗದ ಹಿಡಿದ ಬರಿಗೈಯ ಕೆಲಸ. ಜಿಗ್ ಬಳಸುವವರು ಕಸುಬು ಕಲಿಯುವುದಿಲ್ಲ ಎನ್ನುವವರು ಈ ಮೊನೆಯನ್ನೊಮ್ಮೆ ಮಾಡಿ ನೋಡಬೇಕು. 1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್ಸ್ಲೆ ಲೇತಿನ ಉಳಿಯನ್ನು ಕೈಯಿಂದ ಬಿಡಿಸಿ ಜಾರುಪೀಠಕ್ಕೆ ಕೂರಿಸಿ ಸ್ಕ್ರೂ ಕೊರೆದಾಗ ಟರ್ನರ್‌ನ ಕಸುಬೇನೂ ಸಾಯಲಿಲ್ಲ. ಪೀಣ್ಯದ ಯಾವ ಲೇತಿನ ಮುಂದೆ ನಿಂತರೂ ಅದು ಕಾಣುತ್ತದೆ.

ಬೆಲ್ಟ್ ಗ್ರೈಂಡರ್‌ಗೆ ಬರುವ ಜಿಗ್‌ನಲ್ಲೂ ತತ್ವ ಇದೇ. ಕೀಲಿನ ಮೇಲೆ ಆಡುವ ಒಂದು ತಗಡು, ಅದನ್ನು ನೂಕುವ ಒಂದು ಸ್ಕ್ರೂ. 6 ಮಿ.ಮೀ. ಸಾಮಾನ್ಯ ಸ್ಕ್ರೂ ಒಂದು ಸುತ್ತಿಗೆ 1 ಮಿ.ಮೀ. ಮುಂದೆ ಹೋಗುತ್ತದೆ, ಕೀಲಿನಿಂದ 100 ಮಿ.ಮೀ. ದೂರದಲ್ಲಿ ಅದನ್ನು ಕೂರಿಸಿದರೆ ಸುತ್ತಿಗೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಕೋನಮಾಪಕವೇ ಬೇಡ. ಕೆಲಸವಂತೂ ಬೇಗ ಸಾಗುತ್ತದೆ, ಕೆಡುವುದೂ ಅಷ್ಟೇ ಬೇಗ. ಅರ ಒಂದು ಗಂಟೆ ತೆಗೆದುಕೊಳ್ಳುವ ತಪ್ಪನ್ನು ಒರಟು ಬೆಲ್ಟ್ ಗಳಿಗೆಯಲ್ಲಿ ಮಾಡಿ ಮುಗಿಸುತ್ತದೆ.

ಬಾಯಲ್ಲಿ 0.6 ಮಿ.ಮೀ. ಉಳಿಸಿದ್ದು ಬೆಂಕಿಯ ಭಯಕ್ಕೆ. ಸಾದಾ ಕಾರ್ಬನ್ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುವಾಗ ತೀರಾ ತೆಳುವಾದ ಬಾಯಿ ಹಪ್ಪಳದಂತೆ ಮುರುಟಿಕೊಳ್ಳುತ್ತದೆ. ಆಮೇಲೆ 200 ಡಿಗ್ರಿಯ ಆಸುಪಾಸಿನಲ್ಲಿ ಹದ ಮಾಡಿ, ಅದೇ ಜಿಗ್ಗಿಗೆ, ಅದೇ ಕೋನಕ್ಕೆ ಮತ್ತೆ ಕೂರಿಸುತ್ತಾರೆ. ಗಟ್ಟಿಯಾದ ಉಕ್ಕಿಗೆ ಈಗ ಅರ ಹತ್ತುವುದಿಲ್ಲ. ಎಮರಿ ಕಾಗದ ಸುತ್ತಿದ ಪಟ್ಟಿ, ಇಲ್ಲವೇ ಹೊಸ ಬೆಲ್ಟು ಬೇಕು. ಬೆಲ್ಟಾದರೆ ಒಂದೊಂದು ಎಳೆತಕ್ಕೂ ಅಲಗನ್ನು ನೀರಿನಲ್ಲಿ ಅದ್ದುತ್ತಿರಬೇಕು. ಬಾಯಲ್ಲಿ ನೀಲಿ ಬಣ್ಣ ಕಂಡಿತೆಂದರೆ ಆ ಜಾಗ 300 ಡಿಗ್ರಿಯ ಹತ್ತಿರ ಹೋಗಿ ಮೆತ್ತಗಾಗಿದೆ. ಅಷ್ಟನ್ನೂ ಉಜ್ಜಿ ತೆಗೆಯಬೇಕು, ಇಲ್ಲವೇ ಅಲಗನ್ನು ಇನ್ನೊಮ್ಮೆ ಬೆಂಕಿಗೆ ಹಾಕಬೇಕು.