ಹಳೆಯ ಕಾರಿನ ವಯಸ್ಸು

ಹ್ಯಾಚ್‌ಬ್ಯಾಕ್ ಎಂಬ ಮಾತಿಗೆ ಕನ್ನಡದಲ್ಲಿ ಒಪ್ಪುವ ಪದವಿಲ್ಲ. ಬೆನ್ನಿನಲ್ಲಿ ಮೇಲಕ್ಕೆತ್ತುವ ಬಾಗಿಲುಳ್ಳ, ಡಿಕ್ಕಿಗೂ ಕೂರುವ ಜಾಗಕ್ಕೂ ನಡುವೆ ಗೋಡೆಯಿಲ್ಲದ ಪುಟ್ಟ ಕಾರು ಎಂದು ಬಿಡಿಸಿಯೇ ಹೇಳಬೇಕು. (ಸಾಮಾನಿಡುವ ಸ್ಥಳಕ್ಕೂ ಹಾಯ್ದು ಬಡಿಯುವುದಕ್ಕೂ ನಮ್ಮ ಜನ ‘ಡಿಕ್ಕಿ’ ಎಂಬ ಒಂದೇ ಮಾತನ್ನು ಬಳಸುವುದೇಕೆಂಬುದನ್ನು ನಿಘಂಟುಕಾರರು ನೋಡಿಕೊಳ್ಳಲಿ.) ಈ ಜಾತಿಯ ಕಾರನ್ನು ಮಧ್ಯಮವರ್ಗದ ಮನೆಬಾಗಿಲಿಗೆ ತಂದದ್ದು ಮಾರುತಿ ೮೦೦. ೧೯೮೩ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈಯನ್ನು ಅದರ ಒಡೆಯರಿಗೆ ಕೊಟ್ಟರು. ೨೦೧೪ರ ಜನವರಿಯಲ್ಲಿ ತಯಾರಿಕೆ ನಿಂತಿತು. ಕೇಳುಗರಲ್ಲಿ ಅನೇಕರ ಮನೆಯಂಗಳದಲ್ಲಿ ಅದು ಇನ್ನೂ ಇದ್ದೀತು. ೧೯೯೬ರದೊಂದು ನಮ್ಮ ಮನೆಯಲ್ಲಿಯೂ ಇದೆ. ಅದನ್ನು ಉಳಿಸಿಕೊಳ್ಳಬೇಕೆ, ಗುಜರಿಗೆ ಕಳಿಸಬೇಕೆ ಎಂಬ ಚರ್ಚೆಯೂ ಇದೆ.

ಕಾರಿನ ವಯಸ್ಸನ್ನು ನಾವು ಓಡಿದ ಕಿಲೋಮೀಟರುಗಳಿಂದ ಅಳೆಯುತ್ತೇವೆ. ಅದು ಅರ್ಧ ಸತ್ಯ. ಎಂಜಿನ್ನಿನ ಲೋಹಭಾಗಗಳು ತಿರುಗಿ ಸವೆಯುತ್ತವೆ, ನಿಜ. ಆದರೆ ರಬ್ಬರು, ದ್ರವ, ತಗಡು ಇವು ಸುಮ್ಮನೆ ನಿಂತಿದ್ದರೂ ಮುಪ್ಪಾಗುತ್ತವೆ. ಆದುದರಿಂದಲೇ ‘ನಿವೃತ್ತರ ಕಾರು, ಹೆಚ್ಚು ಓಡಿಲ್ಲ’ ಎಂಬ ಶಿಫಾರಸನ್ನು ನಾನು ಸಂಶಯದಿಂದ ಕೇಳುತ್ತೇನೆ. ವಾರಕ್ಕೊಮ್ಮೆ ತರಕಾರಿ ತರಲು ಹೋಗಿಬರುವ ಎಂಜಿನ್ನು ಪೂರ್ತಿ ಬಿಸಿಯಾಗುವುದೇ ಇಲ್ಲ. ಅದರೊಳಗಿನ ನೀರಾವಿ ಹೊರಹೋಗದೆ ಆಯಿಲನ್ನು ಕೆಡಿಸುತ್ತದೆ, ಸೈಲೆನ್ಸರನ್ನು ಒಳಗಿನಿಂದ ತಿನ್ನುತ್ತದೆ.

ರೇಡಿಯೇಟರಿನ ಕೊಳವೆ, ಟೈಮಿಂಗ್ ಬೆಲ್ಟು, ಬುಷ್ಷುಗಳು ಎಲ್ಲವೂ ರಬ್ಬರೇ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ೨೩೧೭ ಎಂದಿದ್ದರೆ ಅದು ೨೦೧೭ರ ೨೩ನೆಯ ವಾರದಲ್ಲಿ ತಯಾರಾದದ್ದು. ಅಚ್ಚು ಸವೆಯದೆ ಚೆಲುವಾಗಿ ಕಂಡರೂ ಬಿರುಕು ಬಿಟ್ಟಿದ್ದರೆ ಬದಲಿಸತಕ್ಕದ್ದು. ಪೆಟ್ರೋಲಿನ ಕೊಳವೆಯದು ಹೊಸ ಚಿಂತೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಅದಕ್ಕಾಗಿ ರೂಪಿಸದ ಹಳೆಯ ರಬ್ಬರು ಉಬ್ಬುವುದೂ ಉಂಟು, ಬಿರಿಯುವುದೂ ಉಂಟು. ಬಾನೆಟ್ಟು ತೆಗೆದಾಗ ಪೆಟ್ರೋಲಿನ ವಾಸನೆ ಬಂದರೆ ಅಂದೇ ಮೆಕ್ಯಾನಿಕ್ಕಿಗೆ ತೋರಿಸಬೇಕು.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಬ್ರೇಕ್ ಆಯಿಲು. ಹೆಸರು ಆಯಿಲಾದರೂ ಅದು ಎಣ್ಣೆಯಲ್ಲ. ಗಾಳಿಯ ತೇವವನ್ನು ಹೀರುವ ದ್ರವ. ನೀರು ಸೇರಿದಷ್ಟೂ ಅದು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಆಗುಂಬೆಯಂತಹ ಘಾಟಿಯನ್ನು ಇಳಿಯುವಾಗ ಮೇಲಿಂದ ಮೇಲೆ ಬ್ರೇಕು ಒತ್ತಿ ಚಕ್ರಗಳ ಬಳಿ ಬಿಸಿಯೇರಿದರೆ ಕೊಳವೆಯೊಳಗೆ ಆವಿಯ ಗುಳ್ಳೆಗಳೇಳುತ್ತವೆ. ದ್ರವ ನಮ್ಮ ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಆವಿಯಾದರೋ ತಾನೇ ಕುಗ್ಗಿಬಿಡುತ್ತದೆ. ಪೆಡಲು ತಳ ಮುಟ್ಟಿದರೂ ಕಾರು ನಿಲ್ಲದು. ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಿಸಲು ತಗಲುವ ವೆಚ್ಚ ಒಂದು ಹೊತ್ತಿನ ಹೋಟೆಲೂಟದ ಆಸುಪಾಸಿನದು.

ಇಷ್ಟೆಲ್ಲ ಮಾಡಿದರೂ ದುರಸ್ತಿಯಿಂದ ಬಾರದ ವಸ್ತುಗಳುಂಟು. ಹೊಸ ಕಾರುಗಳಲ್ಲಿ ಚಾಲಕನ ಮುಂದೆ ಏರ್‌ಬ್ಯಾಗು ಇರಲೇಬೇಕೆಂಬ ನಿಯಮ ೨೦೧೯ರ ಜುಲೈಯಿಂದ ಜಾರಿಗೆ ಬಂದಿತು. ೧೯೯೬ರ ಕಾರಿನಲ್ಲಿ ಅದಿಲ್ಲ. ಹಾಗಾಗಿ ಹೆದ್ದಾರಿಗೆ ಅದನ್ನು ಒಯ್ಯಬಾರದು, ಮೊಮ್ಮಕ್ಕಳನ್ನು ಕೂರಿಸಿಕೊಂಡಂತೂ ಕೂಡದು ಎಂದು ನನ್ನ ಖಚಿತ ಅಭಿಪ್ರಾಯ. ಊರೊಳಗಿನ ಸಂಚಾರಕ್ಕೆ ಸಾಕು.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಬಳಿಕ ತಪಾಸಣೆಗೊಳಪಟ್ಟು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ೬೦೦ ರೂಪಾಯಿಯಿದ್ದ ಇದರ ಶುಲ್ಕವನ್ನು ೨೦೨೨ರ ಏಪ್ರಿಲಿನಲ್ಲಿ ೫,೦೦೦ಕ್ಕೂ, ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ೨೦೨೫ರ ಆಗಸ್ಟಿನಲ್ಲಿ ೧೦,೦೦೦ಕ್ಕೂ ಏರಿಸಿದರು. ನಮ್ಮ ಕಾರಿನ ಸರದಿ ೨೦೨೬. ಹಣ ಕಟ್ಟುವ ಮುನ್ನ ಒಳಗಿನ ಮ್ಯಾಟುಗಳನ್ನೆತ್ತಿಸಿ ನೆಲದ ತಗಡನ್ನೂ, ಜ್ಯಾಕು ಕೊಡುವ ಅಂಚುಗಳನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕೆಂದಿದ್ದೇನೆ. ಟಣ್ಣೆಂದರೆ ಆರ್‌ಟಿಓ ಕಚೇರಿಗೆ. ಪುಡಿ ಉದುರಿದರೆ ಗುಜರಿಗೆ.