ಥರ್ಮೋಪ್ಲಾಸ್ಟಿಕ್ ಸಂಯೋಜಿತ ವಸ್ತುಗಳ ಶ್ರವಣಾತೀತ ಬೆಸುಗೆ

ಶ್ರವಣಾತೀತ ಬೆಸುಗೆ ಅಥವಾ ಅಲ್ಟ್ರಾಸಾನಿಕ್ ವೆಲ್ಡಿಂಗ್ ಎಂಬುದು ಮನುಷ್ಯನ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಆವರ್ತನದ ಕಂಪನಗಳಿಂದ ಶಾಖವನ್ನು ಉಂಟುಮಾಡಿ ಎರಡು ಭಾಗಗಳನ್ನು ಒಂದುಗೂಡಿಸುವ ವಿಧಾನ. ಗಟ್ಟಿ ಪ್ಲಾಸ್ಟಿಕ್‌ಗಳ ಶ್ರವಣಾತೀತ ಬೆಸುಗೆಗೆ ಸಂಬಂಧಿಸಿದ ಪೇಟೆಂಟ್ 1965ರಲ್ಲಿ ರಾಬರ್ಟ್ ಸೊಲಾಫ್ ಮತ್ತು ಸೀಮೋರ್ ಲಿನ್ಸ್‌ಲಿ ಅವರಿಗೆ ದೊರೆಯಿತು. ಮುಖಗವಸಿನ ಪದರಗಳನ್ನು ಹೊಲಿಗೆಯಿಲ್ಲದೆ ಕೂಡಿಸುವುದು ಈ ವಿಧಾನದ ಪರಿಚಿತ ಉದಾಹರಣೆಯಾಗಿದೆ.

ವಸ್ತುವಿನ ಸ್ವರೂಪ

ಇಂಗಾಲದ ಅಥವಾ ಗಾಜಿನ ಎಳೆಗಳನ್ನು ರಾಳದಲ್ಲಿ ಹುದುಗಿಸಿದಾಗ ಸಂಯೋಜಿತ ವಸ್ತು (ಕಾಂಪೋಸಿಟ್) ದೊರೆಯುತ್ತದೆ. ರಾಳದಲ್ಲಿ ಎರಡು ಬಗೆಗಳಿವೆ. ಥರ್ಮೋಸೆಟ್ ರಾಳವು ಸುಟ್ಟ ಮಡಕೆಯಂತೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಥರ್ಮೋಪ್ಲಾಸ್ಟಿಕ್ ರಾಳವು ಮೇಣದಂತೆ. ಕಾಯಿಸಿದರೆ ಕರಗಿ, ತಣಿದಾಗ ಗಟ್ಟಿಯಾಗುತ್ತದೆ. ಆದ್ದರಿಂದ ಎರಡನೆಯದನ್ನು ನೇರವಾಗಿ ಬೆಸೆಯಬಹುದು. ಪಿಪಿಎಸ್ ಸುಮಾರು 280 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಪೀಕ್ ಸುಮಾರು 343 ಡಿಗ್ರಿಯಲ್ಲಿಯೂ ಕರಗುತ್ತವೆ.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ಯುದ್ಧವಿಮಾನದ ರಚನೆಯ ತೂಕದಲ್ಲಿ ಸುಮಾರು 45 ಪ್ರತಿಶತ ಸಂಯೋಜಿತ ವಸ್ತುಗಳದು. ಅಲ್ಲಿ ಮುಖ್ಯವಾಗಿ ಬಳಕೆಯಾದುದು ಇಂಗಾಲದ ಎಳೆ ಮತ್ತು ಎಪಾಕ್ಸಿ. ಎಪಾಕ್ಸಿ ಥರ್ಮೋಸೆಟ್ ಆದುದರಿಂದ ಅಂತಹ ಭಾಗಗಳನ್ನು ಅಂಟಿನಿಂದ, ರಿವೆಟ್ ಅಥವಾ ಬೋಲ್ಟುಗಳಿಂದ ಜೋಡಿಸಬೇಕಾಗುತ್ತದೆ. ರಂಧ್ರ ಕೊರೆದಾಗ ಎಳೆಗಳು ತುಂಡಾಗಿ ಆ ಸ್ಥಳದಲ್ಲಿ ಒತ್ತಡ ಕೇಂದ್ರೀಕೃತವಾಗುತ್ತದೆ. ಮೊಳೆಗಳಿಂದ ತೂಕವೂ ಹೆಚ್ಚುತ್ತದೆ. ಅಂಟಿಗೆ ಮೇಲ್ಮೈಯ ಸಿದ್ಧತೆ ಹಾಗೂ ಒಣಗುವ ಕಾಲ ಬೇಕು. ಬೆಸುಗೆಯಲ್ಲಿ ಈ ತೊಡಕುಗಳು ಕಡಿಮೆ.

ಕಾರ್ಯವಿಧಾನ

ಜನರೇಟರ್ 50 ಹರ್ಟ್ಸ್‌ನ ವಿದ್ಯುತ್ತನ್ನು ಸಾಮಾನ್ಯವಾಗಿ 20ರಿಂದ 40 ಕಿಲೋಹರ್ಟ್ಸ್ ಆವರ್ತನಕ್ಕೆ ಏರಿಸುತ್ತದೆ. ಪೀಜೋವಿದ್ಯುತ್ ಹರಳುಗಳುಳ್ಳ ಪರಿವರ್ತಕವು ಅದನ್ನು ಯಾಂತ್ರಿಕ ಕಂಪನವಾಗಿಸುತ್ತದೆ. ಬೂಸ್ಟರ್ ಕಂಪನದ ವಿಸ್ತಾರವನ್ನು ಹೊಂದಿಸುತ್ತದೆ. ಸೋನೋಟ್ರೋಡ್ ಎಂಬ ಲೋಹದ ಕೊಂಬು ಅದನ್ನು ಭಾಗಗಳಿಗೆ ಮುಟ್ಟಿಸುತ್ತದೆ. ಕಂಪನದ ವಿಸ್ತಾರ ಕೆಲವು ಹತ್ತು ಮೈಕ್ರೋಮೀಟರ್‌ಗಳಷ್ಟೇ. ಜೊತೆಗೆ ಭಾಗಗಳನ್ನು ಒತ್ತಿ ಹಿಡಿಯಲಾಗುತ್ತದೆ.

ಎರಡು ಭಾಗಗಳ ನಡುವೆ ಎಳೆಗಳಿಲ್ಲದ ಶುದ್ಧ ರಾಳದ ಸಣ್ಣ ಏಣು ಅಥವಾ ತೆಳು ಹಾಳೆಯನ್ನು ಇಡುತ್ತಾರೆ. ಇದಕ್ಕೆ ಶಕ್ತಿನಿರ್ದೇಶಕ ಎಂದು ಹೆಸರು. ಎಳೆಗಳಿಲ್ಲದ ಕಾರಣ ಅದು ಸುತ್ತಲಿನ ವಸ್ತುವಿಗಿಂತ ಮೃದು. ಆದ್ದರಿಂದ ಕಂಪನದ ವಿರೂಪ ಅದರಲ್ಲಿಯೇ ಹೆಚ್ಚು. ಅಂಗೈಗಳನ್ನು ಉಜ್ಜಿದಾಗ ಬಿಸಿಯಾಗುವಂತೆ ಮೊದಲು ಮೇಲ್ಮೈ ಘರ್ಷಣೆಯಿಂದ, ಬಳಿಕ ರಾಳದ ಆಂತರಿಕ ಘರ್ಷಣೆಯಿಂದ ಶಾಖ ಹುಟ್ಟುತ್ತದೆ. ನಿರ್ದೇಶಕ ಕರಗಿ ಹರಡುತ್ತದೆ. ಪಕ್ಕದ ಪದರಗಳ ರಾಳವೂ ಕರಗಿ ಅಣುಸರಪಳಿಗಳು ಪರಸ್ಪರ ಹೆಣೆದುಕೊಳ್ಳುತ್ತವೆ. ಕಂಪನ ನಿಂತ ಮೇಲೂ ತಣಿಯುವವರೆಗೆ ಒತ್ತಡ ಮುಂದುವರಿಯಬೇಕು. ಚಿಕ್ಕ ಜೋಡಣೆಗೆ ಕಂಪನದ ಅವಧಿ ಕೆಲವೇ ಸೆಕೆಂಡುಗಳು ಅಥವಾ ಅದಕ್ಕೂ ಕಡಿಮೆ.

ಗುಣಮಟ್ಟ ಮತ್ತು ಮಿತಿಗಳು

ಶಾಖ ಕಡಿಮೆಯಾದರೆ ಮೇಲ್ಮೈಗಳು ಪೂರ್ತಿ ಕೂಡುವುದಿಲ್ಲ. ಹೆಚ್ಚಾದರೆ ಎಳೆಗಳು ಸ್ಥಾನ ತಪ್ಪಿ ರಾಳದಲ್ಲಿ ಗುಳ್ಳೆಗಳೇಳುತ್ತವೆ. ಎರಡೂ ದೋಷಗಳು ಹೊರಗಿನಿಂದ ಕಾಣಿಸದಿರಬಹುದು. ವಿಮಾನದ ಜೋಡಣೆಯಲ್ಲಿ ಇದು ಪ್ರಾಣಾಪಾಯದ ವಿಷಯ. ಆದ್ದರಿಂದ ಯಂತ್ರವು ಬಳಸಿದ ವಿದ್ಯುತ್ ಶಕ್ತಿ ಹಾಗೂ ಸೋನೋಟ್ರೋಡ್ ಕೆಳಗಿಳಿದ ದೂರವನ್ನು ದಾಖಲಿಸಿ ಪ್ರಕ್ರಿಯೆಯನ್ನು ನಿಯಂತ್ರಿಸುತ್ತಾರೆ. ಮಾದರಿ ತುಂಡುಗಳನ್ನು ಎಳೆದು ಮುರಿದು ಬಲವನ್ನು ಅಳೆಯುತ್ತಾರೆ. ದೊಡ್ಡ ಕೀಲನ್ನು ಒಂದೇ ಬಾರಿಗೆ ಬೆಸೆಯಲಾಗದು; ಬಿಂದುಬಿಂದುವಾಗಿ ಅಥವಾ ಸೋನೋಟ್ರೋಡನ್ನು ಸರಿಸುತ್ತಾ ನಿರಂತರವಾಗಿ ಬೆಸೆಯಬೇಕು.

ವಿಮಾನರಂಗದಲ್ಲಿ ಬಳಕೆ

ಯುರೋಪಿನ ಕ್ಲೀನ್ ಸ್ಕೈ 2 ಯೋಜನೆಯಲ್ಲಿ ಸುಮಾರು 8 ಮೀಟರ್ ಉದ್ದ, 4 ಮೀಟರ್ ವ್ಯಾಸದ ವಿಮಾನ ಒಡಲಿನ ಮಾದರಿಯನ್ನು ಥರ್ಮೋಪ್ಲಾಸ್ಟಿಕ್ ಸಂಯೋಜಿತ ವಸ್ತುವಿನಿಂದ ನಿರ್ಮಿಸಲಾಯಿತು. ಅದರ ಮೇಲಿನ ಅರ್ಧಭಾಗದಲ್ಲಿ ಚರ್ಮಫಲಕಕ್ಕೆ ಆಧಾರವಾದ ಉದ್ದಪಟ್ಟಿಗಳನ್ನು ಜರ್ಮನಿಯ ಡಿಎಲ್‌ಆರ್ ಸಂಸ್ಥೆಯು ನಿರಂತರ ಶ್ರವಣಾತೀತ ಬೆಸುಗೆಯಿಂದ ಕೂಡಿಸಿತು.