ಬಸ್ಸಾರಿನ ತಟ್ಟೆಯಲ್ಲೇ ಇದೆ ವೀಗನ್ ಊಟ

ಮಾಗಡಿ ಕಡೆಯ ಅಡುಗೆಮನೆ. ಒಲೆಯ ಮೇಲೆ ಅವರೆಕಾಳು, ದಂಟಿನ ಸೊಪ್ಪು ಒಟ್ಟಿಗೆ ಬೇಯುತ್ತಿವೆ. ಬೆಂದ ಮೇಲೆ ನೀರನ್ನು ಬಸಿದು ಬೇರೆ ಪಾತ್ರೆಗೆ ತೆಗೆಯುತ್ತಾರೆ. ಕಾಳು–ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯವಾಯಿತು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ, ಕಾಯಿ, ಹುಣಸೆಹಣ್ಣಿಗೆ ಒಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿ, ಬಸಿದಿಟ್ಟ ನೀರಿಗೆ ಬೆರೆಸಿ ಕುದಿಸಿದರೆ ಬಸ್ಸಾರು. ಪಕ್ಕದಲ್ಲಿ ಹಬೆಯಾಡುವ ರಾಗಿ ಮುದ್ದೆ. ಈ ತಟ್ಟೆಯಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು–ತುಪ್ಪವೂ ಇಲ್ಲ. ಯಾರೂ ಹಾಗೆಂದು ಹೆಸರಿಡದಿದ್ದರೂ ಇದು ಪೂರ್ತಿ ವೀಗನ್ ಊಟ.

ವೀಗನ್ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ, ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರಿಂದ. ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪವನ್ನೂ ಬಿಡುವ ಪದ್ಧತಿ ಅದು. ಪ್ರಾಣಿಗಳ ಮೇಲಿನ ಕರುಣೆಯಿಂದಲೋ ಆರೋಗ್ಯದ ಕಾರಣಕ್ಕೋ ಈ ದಾರಿ ಹಿಡಿದವರು ಮೊದಲು ಹುಡುಕುವುದು ದುಬಾರಿ ಬಾದಾಮಿ ಹಾಲು, ತೋಫುಗಳನ್ನು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರಿಗೆ ಆ ಅಲೆದಾಟ ಬೇಕಿಲ್ಲ. ರಾಗಿ, ಅವರೆ, ಹುರುಳಿ, ಹುಚ್ಚೆಳ್ಳು, ಸೊಪ್ಪುಗಳಿರುವ ಇಲ್ಲಿನ ಅಡುಗೆಯಲ್ಲೇ ಬಹುಪಾಲು ಉತ್ತರವಿದೆ. ಉಳಿದಿರುವುದು ಕೆಲವು ಸಣ್ಣ ಬದಲಾವಣೆ, ಒಂದು ಮಾತ್ರೆ.

ರಾಗಿಗೆ ಕಾಳು ಏಕೆ ಜೊತೆ?

ಪ್ರೋಟೀನು ಅಮೈನೋ ಆಮ್ಲಗಳೆಂಬ ತುಣುಕುಗಳಿಂದ ಕಟ್ಟಿದ ಸರ. ರಾಗಿಯಲ್ಲಿ ಲೈಸಿನ್ ಎಂಬ ತುಣುಕು ಕಡಿಮೆ, ಮೆಥಿಯೋನಿನ್ ಚೆನ್ನಾಗಿದೆ. ಅವರೆ, ಹುರುಳಿ, ತೊಗರಿಯಲ್ಲಿ ಇದು ತಿರುಗುಮುರುಗು. ಮುದ್ದೆಗೆ ಕಾಳಿನ ಸಾರು ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ.

ಹಾಲು ಬಿಟ್ಟರೆ ಮೂಳೆ ಸವೆಯುತ್ತದೆಂಬ ಭಯ ಎಲ್ಲರಲ್ಲೂ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ದಿನಕ್ಕೆ 200 ಗ್ರಾಂ ರಾಗಿಹಿಟ್ಟು ಉಂಡವರಿಗೆ ಏಳುನೂರು ಮಿಲಿಗ್ರಾಂಗೂ ಹೆಚ್ಚು ಸಿಗುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1000. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಕ್ಯಾಲ್ಸಿಯಂ, ಕಬ್ಬಿಣ ಎರಡನ್ನೂ ಹಿಡಿದಿಟ್ಟುಕೊಂಡು ಕರುಳಿಗೆ ಪೂರ್ತಿ ಬಿಟ್ಟುಕೊಡುವುದಿಲ್ಲ. ನೆನೆಸಿ ಮೊಳಕೆ ಬರಿಸಿದರೆ, ಹುಳಿ ಬರಿಸಿದರೆ ಕಾಳಿನೊಳಗಿನ ಕಿಣ್ವಗಳು ಫೈಟೇಟನ್ನು ಒಡೆಯುತ್ತವೆ. ನಮ್ಮ ಮೊಳಕೆ ಹುರುಳಿ ಸಾರಿನ, ರಾತ್ರಿಯಿಡೀ ಹುಳಿಯಾದ ಅಂಬಲಿಯ ಗುಟ್ಟು ಇದೇ. ಪಲ್ಯಕ್ಕೆ ಹಿಂಡಿದ ನಿಂಬೆಹಣ್ಣಿನ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ–ಟೀ ಅಡ್ಡಿ ಮಾಡುತ್ತದೆ.

ಬಸ್ಸಾರಿನ ಜಾಣತನವೂ ಇಲ್ಲೇ ಇದೆ. ಸೊಪ್ಪು ಬೇಯಿಸುವಾಗ ಫೋಲೇಟ್‌ನಂಥ ಬಿ ಗುಂಪಿನ ವಿಟಮಿನ್‌ಗಳು, ಪೊಟ್ಯಾಸಿಯಂ ನೀರಿಗೆ ಇಳಿಯುತ್ತವೆ. ಆ ನೀರನ್ನು ಚೆಲ್ಲದೆ ಸಾರು ಮಾಡುವುದರಿಂದ ಇಳಿದದ್ದು ಮತ್ತೆ ತಟ್ಟೆಗೇ ಬರುತ್ತದೆ.

ಬಿ12: ಅಡುಗೆಯಿಂದ ಸಿಗದ್ದು

ವಿಟಮಿನ್ ಬಿ12 ಅನ್ನು ಗಿಡವೂ ಮಾಡುವುದಿಲ್ಲ, ಪ್ರಾಣಿಯೂ ಮಾಡುವುದಿಲ್ಲ. ಮಾಡುವುದು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ. ಆ ವಿಟಮಿನ್ ಪ್ರಾಣಿಗಳ ದೇಹದಲ್ಲಿ ಶೇಖರವಾಗಿ ಹಾಲು, ಮೊಟ್ಟೆ, ಮಾಂಸದ ಮೂಲಕ ನಮಗೆ ತಲುಪುತ್ತದೆ. ಇಡ್ಲಿಯ ಹುದುಗು, ಅಂಬಲಿ, ಸ್ಪಿರುಲಿನಾ ಯಾವುದನ್ನೂ ಇದಕ್ಕೆ ನೆಚ್ಚಿಕೊಳ್ಳುವಂತಿಲ್ಲ. ಯಕೃತ್ತಿನ ದಾಸ್ತಾನು ಕೆಲವು ವರ್ಷ ನಡೆಸುವುದರಿಂದ ಕೊರತೆ ತಡವಾಗಿ ಕಾಣುತ್ತದೆ: ಸುಸ್ತು, ಕೈಕಾಲು ಜೋಮು, ರಕ್ತಹೀನತೆ, ಕೊನೆಗೆ ನರಗಳಿಗೇ ಹಾನಿ. ಆದ್ದರಿಂದ ಹಾಲು ಬಿಟ್ಟವರು ವೈದ್ಯರನ್ನು ಕೇಳಿ ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು. ಗರ್ಭಿಣಿಯರು, ಮಕ್ಕಳ ವಿಷಯದಲ್ಲಂತೂ ಈ ಮಾತನ್ನು ಮರೆಯಬಾರದು.

ಇನ್ನು ಮನೆಯಲ್ಲಿ ಬಿಡಲು ಕಷ್ಟವಾಗುವುದು ಮೊಸರು, ಅದಕ್ಕೂ ಬದಲಿ ಇದೆ. ಒಂದು ಲೋಟ ಕಡಲೇಬೀಜ ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ಮೂರು–ನಾಲ್ಕು ಲೋಟ ನೀರಿನಲ್ಲಿ ರುಬ್ಬಿ ಸೋಸಿ ಕಾಯಿಸಿ. ಉಗುರುಬೆಚ್ಚಗಾದಾಗ ನಾಲ್ಕೈದು ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡಿ. ತೊಟ್ಟಿನಲ್ಲಿರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಹೆಪ್ಪು ಹಾಕುತ್ತವೆ. ಹಬ್ಬಕ್ಕೆ ರಾಗಿ ಹಾಲುಬಾಯಿ ಇದ್ದೇ ಇದೆ: ರಾಗಿ ಹಾಲು, ತೆಂಗಿನ ಹಾಲು, ಬೆಲ್ಲ. ತುಪ್ಪದ ಬದಲು ತಟ್ಟೆಗೆ ಕೊಬ್ಬರಿ ಎಣ್ಣೆ ಸವರಿದರಾಯಿತು.

ಹೋಟೆಲಿಗೆ ಹೋದಾಗ

ಹೋಟೆಲಿನಲ್ಲಿ ಹಾಲಿನ ಅಂಶ ಅಡಗಿ ಕೂರುವ ಜಾಗ ಗೊತ್ತಿದ್ದರೆ ಸಾಕು. ರವೆ ಇಡ್ಲಿಯಲ್ಲಿ ಮೊಸರಿರುತ್ತದೆ. ಪೊಂಗಲ್, ಕೇಸರಿಬಾತ್, ಬಿಸಿಬೇಳೆಬಾತಿಗೆ ತುಪ್ಪ ಬೀಳುತ್ತದೆ. ರವೆ ದೋಸೆಗೆ ಮಜ್ಜಿಗೆ ಬೆರೆಸುವವರಿದ್ದಾರೆ, ಮದ್ದೂರು ವಡೆಯ ಹಿಟ್ಟಿಗೆ ತುಪ್ಪ ಹಾಕುವವರಿದ್ದಾರೆ, ಕೇಳಿಯೇ ತಿನ್ನಿ. ಚಿತ್ರಾನ್ನ, ಪುಳಿಯೋಗರೆ, ಉದ್ದಿನ ವಡೆ ಸಾಮಾನ್ಯವಾಗಿ ಎಣ್ಣೆಯವೇ. ಮುದ್ದೆ ಊಟದ ಮೆಸ್ಸಿನಲ್ಲಿ ಸೊಪ್ಪಿನ ಸಾರು ಕೇಳಿ, ತುಪ್ಪ ಬೇಡವೆಂದು ಮೊದಲೇ ಹೇಳಿ.

ಪೊಟ್ಟಣದ ತಿಂಡಿಯಲ್ಲಿ ಹಸಿರು ಚುಕ್ಕೆ ನೋಡಿ ಮೋಸಹೋಗಬೇಡಿ. ಹಾಲಿನ ಪುಡಿ ಇದ್ದರೂ ಆ ಚುಕ್ಕೆ ಇರುತ್ತದೆ. ವೀಗನ್ ಆಹಾರಕ್ಕೆ ಬೇರೆ ಚಿಹ್ನೆಯ ನಿಯಮವನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ತಂದಿದೆ. ಚನ್ನಪಟ್ಟಣದವರಿಗೆ ಗುರುತಿರುವ ಇನ್ನೊಂದು ವಸ್ತುವೂ ಅಲ್ಲಿರಬಹುದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೆ ಅರಗು ಕರಗಿ ಬೊಂಬೆಗೆ ಹೊಳಪು ಬರುತ್ತದೆಯಲ್ಲ, ಆ ಅರಗು ಒಂದು ಪುಟ್ಟ ಕೀಟದ ಸ್ರಾವ. ಮಿಠಾಯಿಗಳ ಮೇಲಿನ ಹೊಳಪಿಗೂ ಅದನ್ನೇ ಬಳಸುತ್ತಾರೆ. ಪೊಟ್ಟಣದ ಮೇಲೆ 904 ಎಂಬ ಸಂಖ್ಯೆ ಇದ್ದರೆ ಅದೇ.

ಇಲ್ಲಿನ ಎಷ್ಟೋ ಮನೆಗಳು ಡೇರಿಗೆ ಹಾಲು ಹಾಕಿ ಬದುಕುತ್ತವೆ. ಹಾಲು ಬಿಟ್ಟವರು ಅವರ ಮುಂದೆ ಬೀಗುವುದು ಬೇಡ. ಅದೇ ರೈತರ ರಾಗಿ, ಅವರೆಯನ್ನು ಹೆಚ್ಚು ಕೊಂಡು ಉಣ್ಣೋಣ. ಬಿಡದಿಯಲ್ಲಿ ಬಸ್ಸಿಳಿದಾಗ ತಟ್ಟೆ ಇಡ್ಲಿಯನ್ನು ಧಾರಾಳವಾಗಿ ತಿನ್ನಿ. ಆದರೆ ಹಬೆಯ ಪಾತ್ರೆಯ ಮುಚ್ಚಳ ತೆಗೆದಾಗಲೇ ‘ಬೆಣ್ಣೆ ಬೇಡ ಅಣ್ಣ, ಚಟ್ನಿ ಜಾಸ್ತಿ ಹಾಕಿ’ ಎಂದುಬಿಡಿ. ಬೆಣ್ಣೆಯ ಚಮಚ ಎದ್ದ ಮೇಲೆ ಹೇಳಿದರೆ ತಡವಾಗುತ್ತದೆ.